ಬೆಳಿಗ್ಗೆ ಮಾತ್ರ ಹಿಡಿಯುತ್ತಿದ್ದ ಕಾರಿನ ಬಾಗಿಲು: ಮನೆಯಲ್ಲೇ ಸರಿಮಾಡಿದ ಒಂದು ಪ್ರಕರಣ

ಕಾರು ನಮ್ಮ ಚಿಕ್ಕಪ್ಪನದು. ಹನ್ನೆರಡು ವರ್ಷ ಹಳೆಯ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಗಾಜನ್ನು ಕೈಯಲ್ಲಿ ತಿರುಗಿಸಿ ಏರಿಸುವ, ಇಳಿಸುವ ಮಾದರಿ. ಅವರ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಕೆಮ್ಮಣ್ಣಿನ ದಾರಿಯಲ್ಲಿ ಒಳಗೆ ಸಿಗುತ್ತದೆ. ಕಾರು ನಿಲ್ಲುವುದು ಅಡಿಕೆ ಅಂಗಳದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಮೂರು ಕಡೆ ಗೋಡೆ ಇಲ್ಲ. ಮಳೆ ಹನಿ, ಮಂಜು, ಧೂಳು ಎಲ್ಲವೂ ಬರುತ್ತವೆ.

ದೂರು ಹೀಗಿತ್ತು. ಡ್ರೈವರ್ ಕಡೆಯ ಬಾಗಿಲು ಬೆಳಿಗ್ಗೆ ತೆರೆಯುವುದಿಲ್ಲ. ಹೊರಗಿನ ಹಿಡಿಕೆ ಎಳೆದರೆ ಮೆತ್ತಗೆ ಬರುತ್ತದೆ, ಬಾಗಿಲು ಅಲುಗುವುದಿಲ್ಲ. ನಾಲ್ಕೈದು ಸಲ ಎಳೆದು, ಸೊಂಟದಿಂದ ಒಮ್ಮೆ ಒತ್ತಿ ಮತ್ತೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಳ್ಳದ ದಿನ ಚಿಕ್ಕಪ್ಪ ಎಡಗಡೆಯಿಂದ ಹತ್ತಿ, ಗೇರ್ ದಾಟಿ ಈಚೆ ಸೀಟಿಗೆ ಬರುತ್ತಿದ್ದರು. ಅರವತ್ತು ದಾಟಿದವರಿಗೆ ಇದು ಸಣ್ಣ ತೊಂದರೆ ಅಲ್ಲ. ಮುಚ್ಚುವಾಗ ಇನ್ನೊಂದು ಕಾಟ. ಬಾಗಿಲು ದಬ್ ಎಂದು ಬಡಿದು ವಾಪಸ್ ಬರುತ್ತಿತ್ತು. ಕೆಲವೊಮ್ಮೆ ಅರ್ಧಕ್ಕೆ ಮಾತ್ರ ಹಿಡಿದು, ಒಳಗಿನ ದೀಪ ಆರುತ್ತಿರಲಿಲ್ಲ.

ಪೇಟೆಯ ಗ್ಯಾರೇಜೊಂದಕ್ಕೆ ಅವರು ಕಾರು ಒಯ್ದಿದ್ದರು. ಅಲ್ಲಿಗೆ ತಲುಪುವಾಗ ಮಧ್ಯಾಹ್ನ. ಬಾಗಿಲು ಚೆನ್ನಾಗಿಯೇ ತೆರೆಯಿತು, ಮುಚ್ಚಿತು. ಅಲ್ಲಿಯವರು ಬಾಗಿಲನ್ನು ಎರಡು ಸಲ ಮೇಲೆ ಕೆಳಗೆ ಅಲುಗಿಸಿ ನೋಡಿ, "ಬಾಗಿಲು ಇಳಿದಿದೆ, ಹಿಂಜ್ ಬದಲಿಸಬೇಕು" ಎಂದರು. ಹಿಂಜ್ ಬದಲಿಸಿದರೆ ಅಲ್ಲಿ ಪೇಂಟ್ ಕೂಡ ಹೊಡೆಯಬೇಕು. ಖರ್ಚು ಸಾವಿರಗಳಲ್ಲಿ. ಚಿಕ್ಕಪ್ಪ ಆಮೇಲೆ ನೋಡೋಣ ಎಂದು ವಾಪಸ್ ಬಂದರು. ನಾನು ಊರಿಗೆ ಹೋದಾಗ ಈ ವಿಷಯ ನನ್ನ ಕಿವಿಗೆ ಬಿತ್ತು.

ಹೇಗೆ ಹಿಡಿಯುತ್ತದೆ ಎಂಬುದಕ್ಕಿಂತ ಯಾವಾಗ ಹಿಡಿಯುತ್ತದೆ

ಕಾರಿನ ಬಾಗಿಲು ಹಿಡಿಯುವುದಕ್ಕೆ ಕಾರಣಗಳು ಹಲವು. ಹಿಂಜ್ ಸವೆದು ಬಾಗಿಲು ಕೆಳಗೆ ಇಳಿದಿರಬಹುದು. ಸುತ್ತಲಿನ ರಬ್ಬರ್ ಬೀಡಿಂಗ್ ಪೇಂಟಿಗೆ ಅಂಟಿಕೊಂಡಿರಬಹುದು. ಹಿಡಿಕೆಯಿಂದ ಲ್ಯಾಚಿಗೆ, ಅಂದರೆ ಬಾಗಿಲನ್ನು ಮುಚ್ಚಿ ಹಿಡಿಯುವ ಕೊಕ್ಕೆಗೆ, ಹೋಗುವ ಕಡ್ಡಿ ಸಡಿಲ ಆಗಿರಬಹುದು. ಲ್ಯಾಚೇ ಒಳಗೆ ಬಿಗಿದುಕೊಂಡಿರಬಹುದು. ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯದಿದ್ದರೆ ಯಾರೋ ಮಗು ಚೈಲ್ಡ್ ಲಾಕ್ ಎಳೆದಿರುವುದೂ ಉಂಟು. ಅದನ್ನಂತೂ ಎಲ್ಲಕ್ಕಿಂತ ಮೊದಲು ನೋಡಬೇಕು. ಇವೆಲ್ಲಕ್ಕೂ ಮೇಲ್ನೋಟಕ್ಕೆ ಕಾಣುವ ಲಕ್ಷಣ ಒಂದೇ: ಎಳೆದರೆ ಬರುವುದಿಲ್ಲ. ಹಾಗಾಗಿ ಹಿಡಿಕೆಯನ್ನು ಎಳೆದು ನೋಡುವುದರಿಂದ ಏನೂ ತಿಳಿಯುವುದಿಲ್ಲ. ದಿನದ ಯಾವ ಹೊತ್ತಿಗೆ, ಯಾವ ಹವೆಗೆ, ಕಾರು ಎಲ್ಲಿ ನಿಂತಾಗ ಎಂದು ಕೇಳಿದರೆ ಮಾತ್ರ ಕಾರಣಗಳು ಒಂದೊಂದಾಗಿ ಬೇರೆಯಾಗುತ್ತವೆ.

ನಾನು ಚಿಕ್ಕಪ್ಪನನ್ನು ಕೂರಿಸಿಕೊಂಡು ಕೇಳಿದ್ದು ಇದನ್ನೇ. ಅವರ ಉತ್ತರ ತುಂಬ ಸ್ಪಷ್ಟವಾಗಿತ್ತು. ಮಳೆಗಾಲದಲ್ಲಿ ತೊಂದರೆ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಶುರು. ಡಿಸೆಂಬರಿನಲ್ಲಿ ಜಾಸ್ತಿ. ಬೆಳಿಗ್ಗೆ ಏಳಕ್ಕೆ ಹೊರಟರೆ ಕಷ್ಟ, ಹನ್ನೊಂದರ ಮೇಲೆ ಏನೂ ಇಲ್ಲ. ಸಂಜೆ ಪೇಟೆಯಿಂದ ಬಂದು ಇಳಿಯುವಾಗಲೂ ಸಲೀಸು. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಬೇರೆ ಮೂರು ಬಾಗಿಲಿಗೆ ಯಾವ ಹೊತ್ತಿನಲ್ಲೂ ತೊಂದರೆ ಇಲ್ಲ.

ಈ ಉತ್ತರದಲ್ಲೇ ಅರ್ಧ ಕೆಲಸ ಮುಗಿಯಿತು. ಹಿಂಜ್ ಸವೆದಿದ್ದರೆ ಅದು ಬೆಳಿಗ್ಗೆ ಸವೆದು ಮಧ್ಯಾಹ್ನ ಸರಿಹೋಗುವುದಿಲ್ಲ, ಅಲ್ವಾ? ಇಳಿದ ಬಾಗಿಲು ಇಡೀ ದಿನ ಇಳಿದೇ ಇರುತ್ತದೆ. ಕಡ್ಡಿ ಸಡಿಲ ಆಗಿದ್ದರೂ ಅಷ್ಟೇ. ರಬ್ಬರ್ ಅಂಟಿಕೊಳ್ಳುವುದಾದರೆ ಲೆಕ್ಕ ಪೂರ್ತಿ ತಿರುಗಾಮುರುಗಾ. ಬಿಸಿಲಿಗೆ ನಿಂತ ಕಾರಿನಲ್ಲಿ, ಏಪ್ರಿಲ್ ಮೇ ಹೊತ್ತಿಗೆ, ಹಳೆಯ ಬೀಡಿಂಗ್ ಮೆತ್ತಗಾಗಿ ಪೇಂಟಿಗೆ ಹತ್ತುತ್ತದೆ. ಆಗ ಹಿಡಿಕೆ ಸರಿಯಾಗಿ ಕೆಲಸ ಮಾಡುತ್ತದೆ, ಲ್ಯಾಚ್ ಬಿಟ್ಟ ಸದ್ದೂ ಕೇಳುತ್ತದೆ, ಆದರೆ ಬಾಗಿಲು ಪರ್ ಎಂದು ಕಿತ್ತುಕೊಂಡು ಬರುತ್ತದೆ. ಇಲ್ಲಿ ಲ್ಯಾಚ್ ಬಿಟ್ಟ ಸದ್ದೇ ಇರಲಿಲ್ಲ. ಚಳಿಗೆ ಬಿಗಿಯಾಗಿ, ಬಿಸಿಗೆ ಸಡಿಲ ಆಗುವಂಥದ್ದು ಏನೋ ಇದೆ. ಅದು ಲ್ಯಾಚಿನ ಒಳಗೇ ಇದೆ. ಅದು ಒಂದೇ ಬಾಗಿಲಿನಲ್ಲಿದೆ.

ಲ್ಯಾಚಿನ ಒಳಗೆ ಏನು ನಡೆಯುತ್ತದೆ

ಮುಂದಿನದು ಅರ್ಥವಾಗಬೇಕಾದರೆ ಲ್ಯಾಚ್ ಹೇಗೆ ಕೆಲಸ ಮಾಡುತ್ತದೆ ಎಂದು ಸ್ವಲ್ಪ ತಿಳಿದಿರಬೇಕು. ಬಾಗಿಲು ತೆರೆದು ಅದರ ಹಿಂಬದಿಯ ಅಂಚು ನೋಡಿ. ಅಲ್ಲಿ ಒಂದು ಸೀಳು, ಒಳಗೆ ಬಾಯಿ ತೆರೆದ ಕಬ್ಬಿಣದ ಕೊಕ್ಕೆ ಕಾಣುತ್ತದೆ. ಎದುರಿಗೆ, ಕಾರಿನ ಕಂಬದ ಮೇಲೆ, ಯು ಆಕಾರದ ಗಟ್ಟಿ ಕೊಂಡಿ ಇದೆ. ಅದು ಸ್ಟ್ರೈಕರ್. ಬಾಗಿಲು ಮುಚ್ಚುವಾಗ ಸ್ಟ್ರೈಕರ್ ಕೊಕ್ಕೆಯ ಬಾಯಿಗೆ ನುಗ್ಗಿ ಅದನ್ನು ತಿರುಗಿಸುತ್ತದೆ. ಕೊಕ್ಕೆಯ ಬೆನ್ನಿಗೆ ಎರಡು ಕಚ್ಚುಗಳಿವೆ. ಪಕ್ಕದಲ್ಲಿ ಸ್ಪ್ರಿಂಗಿಗೆ ಕಟ್ಟಿದ ಸಣ್ಣ ಹಲ್ಲು ಆ ಕಚ್ಚಿಗೆ ಬೀಳುತ್ತದೆ. ಮೊದಲ ಕಚ್ಚಿಗೆ ಬಿದ್ದರೆ ಬಾಗಿಲು ಅರ್ಧ ಹಿಡಿದಿದೆ. ಎರಡನೆಯದಕ್ಕೆ ಬಿದ್ದರೆ ಪೂರ್ತಿ. ನಾವು ಬಾಗಿಲು ಮುಚ್ಚುವಾಗ ಕೇಳುವ ಟಕ್ ಟಕ್ ಸದ್ದು ಇದೇ.

ಹಿಡಿಕೆ ಎಳೆದರೆ ಕಡ್ಡಿ ಆ ಹಲ್ಲನ್ನು ಎತ್ತುತ್ತದೆ. ಆಗ ಕೊಕ್ಕೆ ತನ್ನ ಸ್ಪ್ರಿಂಗಿನ ಬಲದಲ್ಲಿ ಹಿಂದಕ್ಕೆ ತಿರುಗಿ ಸ್ಟ್ರೈಕರನ್ನು ಬಿಡುತ್ತದೆ. ಗಮನಿಸಬೇಕಾದ್ದು ಇದು: ನಮ್ಮ ಕೈ ಮಾಡುವ ಕೆಲಸ ಹಲ್ಲನ್ನು ಎತ್ತುವುದು ಮಾತ್ರ. ಕೊಕ್ಕೆ ತಿರುಗುವುದೂ, ಹಲ್ಲು ಮತ್ತೆ ಕಚ್ಚಿಗೆ ಬೀಳುವುದೂ ಸ್ಪ್ರಿಂಗಿನ ಕೆಲಸ. ಆ ಸ್ಪ್ರಿಂಗುಗಳು ಸಣ್ಣವು. ಅವುಗಳಿಗೆ ಅಡ್ಡವಾಗಿ ಸ್ವಲ್ಪ ಅಂಟು ಬಂದರೂ ಸಾಕು. ಹಲ್ಲು ನಿಧಾನಕ್ಕೆ ಬೀಳುತ್ತದೆ, ಅಷ್ಟರಲ್ಲಿ ಬಾಗಿಲು ಬಡಿದು ವಾಪಸ್ ಹೋಗಿರುತ್ತದೆ. ತೆರೆಯುವಾಗ ಕೊಕ್ಕೆ ತಿರುಗುವುದೇ ಇಲ್ಲ. ಚಿಕ್ಕಪ್ಪನ ಎರಡೂ ದೂರುಗಳು, ತೆರೆಯದಿರುವುದು ಮತ್ತು ಮುಚ್ಚಿಕೊಳ್ಳದಿರುವುದು, ಹೀಗೆ ಒಂದೇ ಕಾರಣಕ್ಕೆ ಸೇರುತ್ತವೆ.

ಅರ್ಧ ಹಿಡಿದ ಬಾಗಿಲಿನ ಬಗ್ಗೆ ಇಲ್ಲಿ ಹೇಳಲೇಬೇಕು. 2004ರಲ್ಲಿ ವಿಶ್ವಸಂಸ್ಥೆಯ ಅಡಿಯಲ್ಲಿ ವಾಹನಗಳಿಗೆ ಜಾಗತಿಕ ತಾಂತ್ರಿಕ ನಿಯಮಗಳನ್ನು ಮಾಡಲು ಶುರುಮಾಡಿದಾಗ, ಅವುಗಳಲ್ಲಿ ಒಂದನೇ ನಂಬರಿನ ನಿಯಮವೇ ಬಾಗಿಲಿನ ಲಾಕ್ ಮತ್ತು ಹಿಂಜ್ ಕುರಿತದ್ದು. ಅದರ ಪ್ರಕಾರ ಪೂರ್ತಿ ಹಿಡಿದ ಲ್ಯಾಚ್ 11,000 ನ್ಯೂಟನ್ ಎಳೆತ ತಡೆಯಬೇಕು. ಅಂದರೆ ಒಂದು ಟನ್ನಿಗೂ ಹೆಚ್ಚು ಭಾರ. ಅರ್ಧ ಹಿಡಿದಾಗ ಕೇಳುವುದು 4,500 ನ್ಯೂಟನ್ ಮಾತ್ರ. ಅಪಘಾತದಲ್ಲಿ ಬಾಗಿಲು ತೆರೆದುಕೊಂಡು ಜನ ಹೊರಗೆ ಎಸೆಯಲ್ಪಟ್ಟರೆ ಸಾವು ಹೆಚ್ಚು ಎಂದು ಗೊತ್ತಾದ ಮೇಲೆ ಬಂದ ಎಚ್ಚರ ಇದು. 1956ರಲ್ಲೇ ಫೋರ್ಡ್ ತನ್ನ ಅಮೆರಿಕದ ಕಾರುಗಳಿಗೆ ಬಲವಾದ ಹೊಸ ಬಾಗಿಲ ಲ್ಯಾಚ್ ಹಾಕಿ ಅದನ್ನು ಸುರಕ್ಷತೆಯ ಹೆಸರಿನಲ್ಲೇ ಮಾರಿತ್ತು.

ಚಿಕ್ಕಪ್ಪ ಉಡುಪಿಗೆ ಹೋಗುವುದು ಆಗುಂಬೆ ಘಾಟಿಯಲ್ಲಿ ಇಳಿದು. ಹದಿನಾಲ್ಕು ಹೇರ್‌ಪಿನ್ ತಿರುವುಗಳ ದಾರಿ. ಎಡಕ್ಕೆ ತಿರುಗುವಾಗಲೆಲ್ಲ ಬಲಗಡೆಯ ಬಾಗಿಲನ್ನು ಹೊರಕ್ಕೆ ತಳ್ಳುವ ಒತ್ತಡ ಬೀಳುತ್ತದೆ. ಡ್ರೈವರ್ ಬಾಗಿಲು ಅರ್ಧ ಹಿಡಿದ ಸ್ಥಿತಿಯಲ್ಲಿ ಈ ಘಾಟಿ ಇಳಿಯುವುದು ಬೇಡವೇ ಬೇಡ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಬಾಗಿಲು ಸರಿಹೋಗುವ ತನಕ ಉಡುಪಿ ಪ್ರಯಾಣ ನಿಲ್ಲಿಸಿದೆವು.

ಹಿಂಜಿನ ಮೇಲಿನ ಅನುಮಾನ ತೀರಿಸಿಕೊಂಡದ್ದು

ಗ್ಯಾರೇಜಿನವರು ಹೇಳಿದ ಮಾತನ್ನು ಸುಮ್ನೆ ತಳ್ಳಿಹಾಕುವುದು ಸರಿಯಲ್ಲ. ಹನ್ನೆರಡು ವರ್ಷದ ಕಾರಿನಲ್ಲಿ ಹಿಂಜ್ ಸವೆಯುವುದು ಸಾಮಾನ್ಯ. ಬಾಗಿಲು ತೆರೆದಿಟ್ಟು ಅದಕ್ಕೆ ಕೈಯೂರಿ ಏಳುವವರ ಕಾರಿನಲ್ಲಂತೂ ಇನ್ನೂ ಬೇಗ.

ಮೊದಲು ಕಾರನ್ನು ಸಮತಟ್ಟಾದ ಅಂಗಳಕ್ಕೆ ತಂದೆವು. ಶೆಡ್ಡಿನಲ್ಲಿ ಒಂದು ಚಕ್ರ ಕಲ್ಲಿನ ಮೇಲೆ ಏರಿ ನಿಲ್ಲುತ್ತಿತ್ತು. ಹಾಗೆ ನಿಂತಾಗ ಕಾರಿನ ಮೈ ಒಂದು ಚೂರು ತಿರುಚಿಕೊಳ್ಳುತ್ತದೆ, ಬಾಗಿಲಿನ ಸಂದೂ ಬದಲಾಗುತ್ತದೆ. ಅಲ್ಲಿ ಅಳೆದರೆ ತಪ್ಪು ಉತ್ತರ ಸಿಗುತ್ತದೆ. ಬಾಗಿಲು ಅರ್ಧ ತೆರೆದು, ಹಿಂಬದಿಯ ಅಂಚನ್ನು ಎರಡೂ ಕೈಯಿಂದ ಮೇಲೆತ್ತಿ ನೋಡಿದೆ. ಹಿಂಜ್ ಸವೆದಿದ್ದರೆ ಇಲ್ಲಿ ಲಟಲಟ ಎನ್ನುತ್ತದೆ. ಒಬ್ಬರು ಹಿಂಜ್ ಮೇಲೆ ಬೆರಳಿಟ್ಟರೆ ಅಲುಗುವುದು ಬೆರಳಿಗೇ ತಿಳಿಯುತ್ತದೆ. ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ಬಾಗಿಲು ಮುಚ್ಚಿ ಸುತ್ತಲಿನ ಸಂದು ನೋಡಿದೆವು. ಇಳಿದ ಬಾಗಿಲಿನಲ್ಲಿ ಹಿಂಬದಿ ಮೇಲ್ಗಡೆ ಸಂದು ದೊಡ್ಡದಾಗಿ, ಕೆಳಗಡೆ ಕಿರಿದಾಗುತ್ತದೆ. ಇಲ್ಲಿ ಎಡಬಾಗಿಲು, ಬಲಬಾಗಿಲು ಎರಡೂ ಒಂದೇ ಥರ ಇದ್ದವು.

ಕೊನೆಯ ಪರೀಕ್ಷೆಗೆ ಚಿಕ್ಕಮ್ಮನ ಕುಂಕುಮದ ಭರಣಿ ಬಂತು. ಚಿಟಿಕೆ ಕುಂಕುಮವನ್ನು ಒಂದು ಹನಿ ನೀರಿನಲ್ಲಿ ಕಲಸಿ ಸ್ಟ್ರೈಕರಿಗೆ ಹಚ್ಚಿದೆ. ಹಿಡಿಕೆ ಎಳೆದು ಹಿಡಿದುಕೊಂಡೇ ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆದರೆ, ಸ್ಟ್ರೈಕರ್ ಲ್ಯಾಚಿನ ಸೀಳಿಗೆ ಎಲ್ಲಿ ತಾಗಿತೋ ಅಲ್ಲಿ ಕೆಂಪು ಗುರುತು ಬೀಳುತ್ತದೆ. ಬಾಗಿಲು ಇಳಿದಿದ್ದರೆ ಗುರುತು ಸೀಳಿನ ಮೇಲಿನ ಅಂಚಿಗೆ ಬೀಳಬೇಕು. ನಮಗೆ ಬಿದ್ದದ್ದು ನಟ್ಟನಡುವೆ. ಸೀಮೆಸುಣ್ಣ ಆದರೂ ನಡೆಯುತ್ತದೆ, ಆದರೆ ಕಪ್ಪು ಕಬ್ಬಿಣದ ಮೇಲೆ ಕುಂಕುಮದಷ್ಟು ಚೆನ್ನಾಗಿ ಕೂರುವುದಿಲ್ಲ. ನೋಡಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ.

ಹಾಗಾಗಿ ಸ್ಟ್ರೈಕರನ್ನು ನಾವು ಮುಟ್ಟಲಿಲ್ಲ. ಎಷ್ಟೋ ಜನ ಬಾಗಿಲು ಹಿಡಿದ ಕೂಡಲೇ ಸ್ಟ್ರೈಕರಿನ ಸ್ಕ್ರೂ ಸಡಿಲಿಸಿ ಅದನ್ನು ಸರಿಸಲು ಹೋಗುತ್ತಾರೆ. ಇನ್ನು ಕೆಲವರು ಸುತ್ತಿಗೆಯಿಂದ ಬಡಿಯುತ್ತಾರೆ. ಒಂದು ಟನ್ ತಡೆಯಬೇಕಾದ ಕೊಂಡಿಗೆ ಸುತ್ತಿಗೆ ಏಟು ಕೊಡುವುದು ಅಪಾಯದ ಕೆಲಸ. ಗುರುತು ನಡುವೆ ಬೀಳದಿದ್ದರೆ ಮಾತ್ರ ಸರಿಸಬೇಕು. ಅದಕ್ಕೂ ಮೊದಲು ಸ್ಟ್ರೈಕರಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಬೇಕು. ಸ್ಕ್ರೂಗಳನ್ನು ಪೂರ್ತಿ ಬಿಚ್ಚದೆ ಸಡಿಲಿಸಿ, ಒಂದು ಮಿಲಿಮೀಟರಿಗಿಂತ ಹೆಚ್ಚು ಸರಿಸದೆ, ಪ್ರತಿ ಸಲ ಮತ್ತೆ ಗುರುತು ನೋಡಬೇಕು. ಪೂರ್ತಿ ಬಿಚ್ಚಿದರೆ ಕೆಲವು ಕಾರುಗಳಲ್ಲಿ ಕಂಬದ ಒಳಗಿನ ನಟ್ ಪಟ್ಟಿ ಜಾರಿಹೋಗುತ್ತದೆ. ಅದನ್ನು ಮತ್ತೆ ಹಿಡಿಯುವುದು ಬಾಗಿಲು ಸರಿಮಾಡುವುದಕ್ಕಿಂತ ದೊಡ್ಡ ಕೆಲಸ.

ಬಿಸಿನೀರಿನ ಬ್ಯಾಗು ಹೇಳಿದ ಉತ್ತರ

ಮರುದಿನ ಬೆಳಿಗ್ಗೆ, ಮಂಜು ಇನ್ನೂ ತೋಟದ ಮೇಲೆ ಇರುವಾಗಲೇ, ಕಾರಿನ ಹತ್ತಿರ ಹೋದೆವು. ಲಕ್ಷಣ ಇರುವ ಹೊತ್ತಿಗೇ ನೋಡಬೇಕು. ಮಧ್ಯಾಹ್ನ ನೋಡಿದ್ದಕ್ಕೇ ಗ್ಯಾರೇಜಿನಲ್ಲಿ ಏನೂ ಕಾಣದೇ ಹೋದದ್ದು.

ಹೇಗೋ ಬಾಗಿಲು ತೆರೆದು, ತೆರೆದ ಬಾಗಿಲಿನಲ್ಲೇ ಲ್ಯಾಚನ್ನು ಪರೀಕ್ಷಿಸಿದೆ. ಉದ್ದನೆಯ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಒಳಕ್ಕೆ ಒತ್ತಿದರೆ ಬಾಗಿಲು ಮುಚ್ಚಿದಾಗ ಆಗುವುದೆಲ್ಲ ಕಣ್ಣೆದುರಿಗೇ ಆಗುತ್ತದೆ. ಬೆರಳು ಹಾಕಬೇಡಿ, ಕೊಕ್ಕೆ ಕಚ್ಚಿದರೆ ಉಗುರು ಹೋಗುತ್ತದೆ. ಆರೋಗ್ಯವಾದ ಲ್ಯಾಚ್ ಟಕ್ ಟಕ್ ಎಂದು ಹಿಡಿದು, ಹಿಡಿಕೆ ಎಳೆದ ಕ್ಷಣ ಫಟ್ ಎಂದು ಬಿಡಬೇಕು. ಎಡಬಾಗಿಲಿನಲ್ಲಿ ಹಾಗೇ ಆಯಿತು. ಬಲಬಾಗಿಲಿನಲ್ಲಿ ಕೊಕ್ಕೆ ಒಳಗೆ ಹೋಗುವಾಗಲೇ ಸದ್ದಿಲ್ಲ. ಹಿಡಿಕೆ ಎಳೆದರೂ ಅಲ್ಲೇ ನಿಂತಿತು. ಸ್ಕ್ರೂಡ್ರೈವರಿನಿಂದ ತಳ್ಳಿದ ಮೇಲೆ ಮೆಲ್ಲಗೆ, ಜೇನಿನಲ್ಲಿ ಸಿಕ್ಕ ಇರುವೆಯ ಹಾಗೆ, ಹಿಂದಕ್ಕೆ ಬಂತು.

ಚಿಕ್ಕಮ್ಮ ಮೊಣಕಾಲು ನೋವಿಗೆ ಇಟ್ಟುಕೊಂಡಿದ್ದ ರಬ್ಬರಿನ ಬಿಸಿನೀರಿನ ಬ್ಯಾಗು ತಂದು, ಬಾಗಿಲಿನ ಅಂಚಿಗೆ, ಲ್ಯಾಚ್ ಕೂರುವ ಜಾಗಕ್ಕೆ ಒತ್ತಿ ಹಿಡಿದೆವು. ಕಾಫಿ ಕುಡಿದು ಮುಗಿಯುವಷ್ಟು ಹೊತ್ತು. ಬ್ಯಾಗು ತೆಗೆದು ಹಿಡಿಕೆ ಎಳೆದರೆ ಕೊಕ್ಕೆ ಫಟ್ ಎಂದು ಬಿಟ್ಟಿತು. ಸೀಳಿನ ಕೆಳಗಿನ ತುದಿಯಿಂದ ಕಂದು ಬಣ್ಣದ ಎಣ್ಣೆ ಜಿನುಗಿತು. ಬೆರಳಿಗೆ ಹಚ್ಚಿ ಮೂಸಿದಾಗ ಯಾವ ಎಣ್ಣೆ ಎಂದು ಮೂವರಿಗೂ ಗೊತ್ತಾಯಿತು. ಕೊಬ್ಬರಿ ಎಣ್ಣೆ.

ಬಿಸಿನೀರನ್ನು ನೇರವಾಗಿ ಬಾಗಿಲಿನ ಮೇಲೆ ಸುರಿಯಬೇಡಿ. ತಣ್ಣಗಿನ ಗಾಜು ಸೀಳಬಹುದು. ನೀರು ಬಾಗಿಲಿನ ಒಳಗೂ ಹೋಗುತ್ತದೆ. ಪವರ್ ವಿಂಡೋ ಇದ್ದರೆ ವೈರು, ಮೋಟರಿಗೆ ತಾಗುತ್ತದೆ. ಹೇರ್ ಡ್ರೈಯರ್ ಇದ್ದರೆ ಅದರಲ್ಲೂ ಈ ಪರೀಕ್ಷೆ ಆಗುತ್ತದೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಎಣ್ಣೆ ಬಾಟಲಿ ಬಿಳಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಆ ಎಣ್ಣೆಯಲ್ಲಿ ಗಟ್ಟಿಯಾಗುವ ಥರದ ಕೊಬ್ಬು ನೂರಕ್ಕೆ ತೊಂಬತ್ತರಷ್ಟು ಇರುವುದೇ ಕಾರಣ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಹವೆ ಇದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಮಧ್ಯಾಹ್ನ ಬಿಸಿಲು ಬಂದರೆ ಮೇಲೇರುತ್ತದೆ. ಲ್ಯಾಚಿನ ಒಳಗಿನ ಎಣ್ಣೆಯೂ ದಿನಾ ಹಾಗೆಯೇ ಹೆಪ್ಪಾಗಿ ಕರಗುತ್ತಿತ್ತು.

ಎಣ್ಣೆ ಬಂದ ದಾರಿ

ಕೇಳಿದಾಗ ಚಿಕ್ಕಪ್ಪನಿಗೆ ನೆನಪಾಯಿತು. ಮಳೆಗಾಲದಲ್ಲಿ ಈ ಬಾಗಿಲು ತೆರೆಯುವಾಗ ಕಿರ್ ಎನ್ನುತ್ತಿತ್ತು. ಆಗುಂಬೆ ಕಡೆಯ ಮಳೆ ಎಂದರೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು. ಆ ಒದ್ದೆಗೆ ಕಾರ್ಖಾನೆಯಲ್ಲಿ ಹಾಕಿದ ಗ್ರೀಸ್ ಹನ್ನೆರಡು ವರ್ಷ ನಿಲ್ಲುವುದಿಲ್ಲ. ಅವರು ಕೈಗೆ ಸಿಕ್ಕ ಕೊಬ್ಬರಿ ಎಣ್ಣೆಯನ್ನು ಹಿಂಜಿಗೆ, ಬಾಗಿಲನ್ನು ಅರ್ಧಕ್ಕೆ ನಿಲ್ಲಿಸುವ ಸ್ಟಾಪರ್ ಪಟ್ಟಿಗೆ, ಜೊತೆಗೆ ಲ್ಯಾಚಿಗೂ ಬಿಟ್ಟಿದ್ದರು. ಕಿರ್ ಸದ್ದು ನಿಂತಿತು. ಆಗಿನ ಹವೆಗೆ ಎಣ್ಣೆ ತೆಳುವಾಗಿಯೇ ಇತ್ತು. ಬೇರೆ ಬಾಗಿಲುಗಳು ಸದ್ದು ಮಾಡುತ್ತಿರಲಿಲ್ಲ, ಹಾಗಾಗಿ ಅವಕ್ಕೆ ಹಾಕಲಿಲ್ಲ. ಒಂದೇ ಬಾಗಿಲು ಯಾಕೆ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು.

ಹಿಂಜಿನಲ್ಲೂ ಅದೇ ಎಣ್ಣೆ ಹೆಪ್ಪುಗಟ್ಟಿರಬೇಕಲ್ಲ, ಅಲ್ಲಿ ಯಾಕೆ ತೊಂದರೆ ಇಲ್ಲ? ಹಿಂಜನ್ನು ತಿರುಗಿಸುವುದು ನಮ್ಮ ಇಡೀ ತೋಳು. ಬಾಗಿಲಿನ ಉದ್ದವೇ ಅಲ್ಲಿ ಸನ್ನೆಗೋಲು. ಹೆಪ್ಪುಗಟ್ಟಿದ ಎಣ್ಣೆ ಅದಕ್ಕೆ ಲೆಕ್ಕವೇ ಅಲ್ಲ. ಲ್ಯಾಚಿನಲ್ಲಿ ಕೆಲಸ ಮಾಡಬೇಕಾದ್ದು ಸಣ್ಣ ಸ್ಪ್ರಿಂಗ್. ಒಂದೇ ಎಣ್ಣೆ ಒಂದು ಜಾಗದಲ್ಲಿ ನಡೆಯುತ್ತದೆ, ಇನ್ನೊಂದರಲ್ಲಿ ಕೆಡಿಸುತ್ತದೆ. ಅಡುಗೆಮನೆಯ ಬೇರೆ ಎಣ್ಣೆಗಳೂ ಲ್ಯಾಚಿಗೆ ಸಲ್ಲ. ಸೂರ್ಯಕಾಂತಿ ಎಣ್ಣೆ ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಗಾಳಿಗೆ ಒಣಗಿ ಅಂಟಾಗುತ್ತದೆ. ಹಿಂದೆ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯ ಕೀಲೆಣ್ಣೆ ಹಾಕುತ್ತಿದ್ದರು. ಅದು ಅಲ್ಲಿಗೆ ಒಳ್ಳೆಯ ಆಯ್ಕೆಯೇ. ದಪ್ಪ, ಚಳಿಗೆ ಗಟ್ಟಿಯಾಗದು, ಎತ್ತಿನ ಬಲದ ಮುಂದೆ ಅದರ ಅಂಟು ಏನೂ ಅಲ್ಲ. ಆದರೆ ಲ್ಯಾಚಿನ ಸ್ಪ್ರಿಂಗಿಗೆ ಅದೂ ಭಾರವೇ.

ಬಿಚ್ಚಿದ್ದು, ತೊಳೆದದ್ದು

ಸೀಳಿನಿಂದ ಕ್ಲೀನರ್ ಹೊಡೆದು ಮುಗಿಸಬಹುದಿತ್ತು. ಆದರೆ ಎಣ್ಣೆಗೆ ಕೆಮ್ಮಣ್ಣಿನ ಧೂಳು ಸೇರಿ ಒಳಗೆಲ್ಲ ಕೆಸರಿನಂತಾಗಿತ್ತು. ಹೊರಗಿನ ಹಿಡಿಕೆಯೂ ಎಳೆದರೆ ಮೆತ್ತಗೆ ವಾಪಸ್ ಬರುತ್ತಿತ್ತು. ಅದಕ್ಕೇ ಒಳಗಿನ ಡೋರ್ ಪ್ಯಾಡ್ ಬಿಚ್ಚಲು ತೀರ್ಮಾನಿಸಿದೆವು.

ಗಾಜನ್ನು ಪೂರ್ತಿ ಮೇಲೇರಿಸಿ ಶುರುಮಾಡಬೇಕು. ಗಾಜು ತಿರುಗಿಸುವ ಹಿಡಿಯನ್ನು ಒಂದು ಸ್ಪ್ರಿಂಗ್ ಕ್ಲಿಪ್ ಹಿಡಿದಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಹಳೆಯ ಪಂಚೆಯ ಒಂದು ಪಟ್ಟಿಯನ್ನು ಹಿಡಿ ಮತ್ತು ಪ್ಯಾಡಿನ ನಡುವೆ ತೂರಿಸಿ, ಎರಡೂ ತುದಿ ಹಿಡಿದು ಆಚೆ ಈಚೆ ಎಳೆದರೆ ಬಟ್ಟೆ ಕ್ಲಿಪ್ಪಿಗೆ ಸಿಕ್ಕಿ ಅದನ್ನು ಹೊರಗೆ ಎಳೆಯುತ್ತದೆ. ಕ್ಲಿಪ್ ಹಾರಿಹೋಗುತ್ತದೆ, ಕಣ್ಣು ದೂರ ಇಡಿ, ಕೆಳಗೆ ಒಂದು ಸೀರೆ ಹಾಸಿಡಿ. ಬಾಗಿಲು ಎಳೆದುಕೊಳ್ಳುವ ಹಿಡಿಯ ಒಳಗೆ, ಒಳಹಿಡಿಕೆಯ ಹಿಂದೆ ಸ್ಕ್ರೂ ಇರುತ್ತವೆ. ಅವನ್ನು ತೆಗೆದ ಮೇಲೆ ಪ್ಯಾಡ್ ಸುತ್ತಲಿನ ಪ್ಲಾಸ್ಟಿಕ್ ಬಟನ್ನುಗಳ ಮೇಲೆ ಮಾತ್ರ ನಿಂತಿರುತ್ತದೆ. ಬಟ್ಟೆ ಸುತ್ತಿದ ಮರದ ಸಟ್ಟುಗ ಹಾಕಿ ಕೆಳಗಿನಿಂದ ಒಂದೊಂದೇ ಎಬ್ಬಿಸಿದೆವು. ಹಳೆಯ ಬಟನ್ನುಗಳಲ್ಲಿ ಕೆಲವು ಮುರಿದೇ ಮುರಿಯುತ್ತವೆ. ಬಿಡಿಭಾಗದ ಅಂಗಡಿಯಲ್ಲಿ ಮೊದಲೇ ಒಂದಷ್ಟು ತಂದಿಟ್ಟುಕೊಂಡರೆ ಒಳ್ಳೆಯದು.

ನಿಮ್ಮ ಕಾರಿನಲ್ಲಿ ಪವರ್ ವಿಂಡೋ ಇದ್ದರೆ, ಅದಕ್ಕಿಂತ ಮುಖ್ಯವಾಗಿ ಪಕ್ಕದ ಏರ್‌ಬ್ಯಾಗ್ ಇದ್ದರೆ, ಬ್ಯಾಟರಿಯ ನೆಗೆಟಿವ್ ತೆಗೆದು ಸ್ವಲ್ಪ ಹೊತ್ತು ಕಾದು ಕೆಲಸ ಮಾಡಿ. ಕೆಲವು ಕಾರುಗಳಲ್ಲಿ ಅಪಘಾತ ಗುರುತಿಸುವ ಸೆನ್ಸರ್ ಬಾಗಿಲಿನ ಒಳಗೇ ಇರುತ್ತದೆ. ಅಂಥ ಕಾರಿನಲ್ಲಿ ಅನುಭವ ಇಲ್ಲದಿದ್ದರೆ ಪ್ಯಾಡ್ ಬಿಚ್ಚದೆ, ಸೀಳಿನಿಂದಲೇ ತೊಳೆಯುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಪ್ಯಾಡಿನ ಹಿಂದೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ಕಸ ಎಂದು ಕಿತ್ತು ಬಿಸಾಡುವವರಿದ್ದಾರೆ. ಮಲೆನಾಡಿನಲ್ಲಿ ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಗಾಜಿನ ಪಕ್ಕದಿಂದ ಬಾಗಿಲಿನ ಒಳಗೆ ಇಳಿಯುವ ಮಳೆನೀರನ್ನು ಕೆಳಗೆ ಹೋಗುವಂತೆ ಮಾಡುವುದು ಆ ಹಾಳೆ. ಇಲ್ಲದಿದ್ದರೆ ನೀರು ಕಾಲಡಿಯ ಮ್ಯಾಟಿಗೆ ಬರುತ್ತದೆ. ನಾವು ಅದನ್ನು ಅರ್ಧ ಮಾತ್ರ ಬಿಡಿಸಿ, ಕೆಲಸ ಮುಗಿದ ಮೇಲೆ ಅದೇ ಅಂಟಿಗೆ ಒತ್ತಿ ಕೂರಿಸಿದೆವು.

ಒಳಗೆ ನೋಡಿದರೆ ಇನ್ನೊಂದು ವಿಷಯ ಕಂಡಿತು. ಬಾಗಿಲಿನ ತಳದಲ್ಲಿ ನೀರು ನಿಂತಿತ್ತು. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕೆಮ್ಮಣ್ಣಿನಿಂದ ಪೂರ್ತಿ ಕಟ್ಟಿಕೊಂಡಿದ್ದವು. ಹಿಡಿಸೂಡಿಯ ಕಡ್ಡಿಯಿಂದ ಚುಚ್ಚಿದಾಗ ಕೆಂಪು ನೀರು ಸುರಿಯಿತು. ತಂತಿ ಹಾಕಿದರೆ ಪೇಂಟ್ ಕೆದರಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ, ಕಡ್ಡಿಗೆ ಆ ಭಯ ಇಲ್ಲ. ಇದು ಬಾಗಿಲು ಹಿಡಿಯುವುದಕ್ಕೆ ಕಾರಣ ಅಲ್ಲ. ಆದರೆ ಬಾಗಿಲು ಒಳಗಿನಿಂದ ಕೊಳೆಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಉಳಿದ ಮೂರು ಬಾಗಿಲಿನ ತೂತುಗಳನ್ನೂ ಅದೇ ಕಡ್ಡಿಯಿಂದ ಬಿಡಿಸಿದೆವು.

ಲ್ಯಾಚ್ ತೊಳೆಯಲು ಬಳಸಿದ್ದು ಡಬ್ಲ್ಯುಡಿ-40 ಎಂಬ ಸ್ಪ್ರೇ. ಮೊದಲು ಬಿಸಿನೀರಿನ ಬ್ಯಾಗಿನಿಂದ ಎಣ್ಣೆ ಕರಗಿಸಿ, ಕೆಳಗೆ ಬಟ್ಟೆ ಹಿಡಿದು, ಸಣ್ಣ ಕೊಳವೆಯಿಂದ ಒಳಗೆ ಹೊಡೆದೆವು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಸ್ಕ್ರೂಡ್ರೈವರಿನಿಂದ ಕೊಕ್ಕೆ ಮುಚ್ಚಿ ಹಿಡಿಕೆಯಿಂದ ಬಿಡಿಸಿ, ಮತ್ತೆ ಹೊಡೆದೆವು. ಇಳಿಯುವ ದ್ರವ ಕಂದು ಬಣ್ಣ ಬಿಟ್ಟು ತಿಳಿಯಾಗುವ ತನಕ ಇದೇ ಕೆಲಸ. ಇಲ್ಲಿ ಅವಸರ ಮಾಡಿದರೆ ಉಳಿದ ಎಣ್ಣೆ ಮುಂದಿನ ಚಳಿಗೆ ಮತ್ತೆ ಹೆಪ್ಪಾಗುತ್ತದೆ. ಹೊರಹಿಡಿಕೆ ತಿರುಗುವ ಜಾಗ, ಕಡ್ಡಿಯ ಕೊಂಡಿಗಳು, ಹಿಂಜ್, ಸ್ಟಾಪರ್ ಪಟ್ಟಿ ಎಲ್ಲಕ್ಕೂ ಇದೇ ಸ್ನಾನ ಆಯಿತು.

ಇಷ್ಟಕ್ಕೇ ನಿಲ್ಲಿಸುವವರೇ ಜಾಸ್ತಿ. ಆದರೆ ಈ ಸ್ಪ್ರೇ ಮುಖ್ಯವಾಗಿ ನೀರನ್ನು ಓಡಿಸಿ ತುಕ್ಕು ತಡೆಯಲು ಹುಟ್ಟಿದ್ದು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಮಾಡಿದರು, ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಮೈಗೆ ತುಕ್ಕು ಹಿಡಿಯದಂತೆ. ಅದರಲ್ಲಿ ತೆಳುವಾದ ಎಣ್ಣೆಯೂ ಇದೆ, ನಿಜ. ದಿನಾ ಬಡಿಯುವ ಲ್ಯಾಚಿನಲ್ಲಿ ಅದು ಹೆಚ್ಚು ಕಾಲ ನಿಲ್ಲುವುದಿಲ್ಲ. ಇದ್ದ ಗ್ರೀಸನ್ನೂ ಅದು ತೊಳೆದುಬಿಟ್ಟಿರುತ್ತದೆ. ಒಳಗೆ ಒಣಗಲು ಬಿಟ್ಟು ಹೊಸ ಗ್ರೀಸ್ ಹಾಕಲೇಬೇಕು.

ಲ್ಯಾಚಿಗೆ ಬಿಳಿ ಲಿಥಿಯಂ ಗ್ರೀಸ್ ಹಾಕಿದೆವು. ಚಳಿಗೆ ಹೆಪ್ಪುಗಟ್ಟುವುದಿಲ್ಲ, ಮಳೆಗೆ ಬೇಗ ತೊಳೆದುಹೋಗುವುದಿಲ್ಲ. ಸ್ಪ್ರೇ ರೂಪದಲ್ಲೂ ಸಿಗುತ್ತದೆ, ಹೊಡೆದಾಗ ತೆಳುವಾಗಿ ಸಂದಿಗೆ ಹೋಗಿ ಆಮೇಲೆ ದಪ್ಪವಾಗುತ್ತದೆ. ಕೊಕ್ಕೆ ಮತ್ತು ಹಲ್ಲು ತಾಗುವ ಜಾಗಕ್ಕೆ, ತಿರುಗುವ ಗೂಟಗಳಿಗೆ ಸ್ವಲ್ಪವೇ. ಜಾಸ್ತಿ ಹಾಕಿದರೆ ಧೂಳು ಹಿಡಿಯುತ್ತದೆ, ಇಳಿಯುವವರ ಬಟ್ಟೆಗೂ ಹತ್ತುತ್ತದೆ. ಹಿಂಜಿಗೂ ಸ್ಟಾಪರಿಗೂ ಅದೇ ಗ್ರೀಸ್ ಇನ್ನೊಂದು ಚೂರು ಧಾರಾಳವಾಗಿ. ಬೀಡಿಂಗಿಗೆ ಮಾತ್ರ ಗ್ರೀಸ್ ಬೇಡ. ಪೆಟ್ರೋಲಿಯಂ ಎಣ್ಣೆ ಕುಡಿದರೆ ಆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಅದನ್ನು ಸೋಪು ನೀರಿನಲ್ಲಿ ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಸವರಿದೆವು. ಸ್ಪ್ರೇ ಡಬ್ಬಿಗಳಿಗೆ ಆದ ಖರ್ಚು ಹಿಂಜ್ ಮತ್ತು ಪೇಂಟಿಗೆ ಕೇಳಿದ ಹಣದ ಸಣ್ಣ ಪಾಲು. ಡಬ್ಬಿಗಳಲ್ಲಿ ಇನ್ನೂ ಮುಕ್ಕಾಲು ಉಳಿದಿದೆ.

ಆಮೇಲೆ

ಪ್ಯಾಡ್ ಕೂರಿಸುವ ಮೊದಲೇ ಹತ್ತಾರು ಸಲ ತೆರೆದು ಮುಚ್ಚಿ ನೋಡಿದೆವು. ಪ್ಯಾಡ್ ಹಾಕಿದ ಮೇಲೆ ಏನೋ ತಪ್ಪಿದೆ ಎಂದು ಗೊತ್ತಾದರೆ ಬಟನ್ನುಗಳು ಇನ್ನೊಂದು ಸಲದ ಕಿತ್ತಾಟ ತಡೆಯುವುದಿಲ್ಲ. ಸ್ಕ್ರೂಡ್ರೈವರಿನಿಂದ ಕೊಕ್ಕೆ ಮುಚ್ಚಿ ನೋಡಿದ್ದರೆ, ಬಾಗಿಲು ಮುಚ್ಚುವ ಮೊದಲು ಹಿಡಿಕೆ ಎಳೆದು ಅದನ್ನು ಬಿಡಿಸಿರಲೇಬೇಕು. ಮುಚ್ಚಿದ ಕೊಕ್ಕೆ ಸ್ಟ್ರೈಕರಿಗೆ ಬಡಿದರೆ ಎರಡೂ ಹಾಳಾಗುತ್ತವೆ.

ಒಂದು ಅನುಮಾನ ಉಳಿದಿತ್ತು. ಎಲ್ಲ ಗಾಜು ಮುಚ್ಚಿದ್ದಾಗ ಬಾಗಿಲಿಗೆ ಸ್ವಲ್ಪ ಜೋರು ಬೇಕು ಎಂದು ಚಿಕ್ಕಪ್ಪ ಹೇಳಿದರು. ಎಡಗಡೆಯ ಗಾಜು ನಾಲ್ಕು ಬೆರಳು ಇಳಿಸಿ ಮುಚ್ಚಿದರೆ ಹಗುರ. ಇದು ಲ್ಯಾಚಿನ ದೋಷ ಅಲ್ಲ. ಬಾಗಿಲು ಮುಚ್ಚುವಾಗ ಒಳಗಿನ ಗಾಳಿ ಎಲ್ಲಿಗಾದರೂ ಹೋಗಬೇಕು. ಅದಕ್ಕೆ ಕಾರಿನ ಹಿಂಭಾಗದಲ್ಲಿ ರಬ್ಬರ್ ರೆಕ್ಕೆಯ ಕಿಂಡಿಗಳಿರುತ್ತವೆ. ಡಿಕ್ಕಿಯಲ್ಲಿ ಆ ಜಾಗಕ್ಕೆ ಒತ್ತಿ ಗೋಣಿಚೀಲ ತುಂಬಿದ್ದರು. ಚೀಲ ಸರಿಸಿದ ಮೇಲೆ ಎಲ್ಲ ಬಾಗಿಲುಗಳೂ ಒಂದೇ ಥರ ಆದವು.

ಆ ಚಳಿಗಾಲ ಕಳೆಯುವ ತನಕ ಬೆಳಿಗ್ಗೆ ಒಂದು ದಿನವೂ ಬಾಗಿಲು ಹಿಡಿಯಲಿಲ್ಲ. ಚಿಕ್ಕಪ್ಪ ಮತ್ತೆ ಘಾಟಿ ಇಳಿಯತೊಡಗಿದರು. ಗ್ರೀಸನ್ನು ವರ್ಷಕ್ಕೊಮ್ಮೆ, ಮಳೆ ನಿಂತು ಅಡಿಕೆ ಕೊಯ್ಲು ಶುರುವಾಗುವ ಮುಂಚೆ, ನೋಡಿ ಬೇಕಾದರೆ ಹಾಕುವುದು ಎಂದು ಮಾತಾಗಿದೆ. ಮಳೆಗೆ ಮೊದಲು ತೂತುಗಳಿಗೆ ಕಡ್ಡಿ ಹಾಕುವ ಕೆಲಸ ಚಿಕ್ಕಮ್ಮ ವಹಿಸಿಕೊಂಡಿದ್ದಾರೆ.

ಕಾರು ಮುಗಿದ ಮೇಲೆ ಚಿಕ್ಕಮ್ಮ ಗೇಟಿನ ಬೀಗ ತಂದು ಮುಂದಿಟ್ಟರು. ಅದೂ ಬೆಳಿಗ್ಗೆ ಕೀಲಿ ತಿರುಗದೆ ಕಾಡುತ್ತಿತ್ತಂತೆ, ಅದಕ್ಕೂ ಅದೇ ದಿನ ಅದೇ ಎಣ್ಣೆ ಬಿದ್ದಿತ್ತು. ಬೀಗದ ಒಳಗಿನ ಪಿನ್ನುಗಳ ಸ್ಪ್ರಿಂಗ್ ಲ್ಯಾಚಿನದಕ್ಕಿಂತ ಇನ್ನೂ ಸಣ್ಣದು. ಅದನ್ನೂ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ, ಗ್ರೀಸ್ ಹಾಕದೆ ಗ್ರಾಫೈಟ್ ಪುಡಿ ಊದಿ ಕೊಟ್ಟೆವು.